ಸೊಂಟದ ಬೀಗದ ಕೈ

“ಏಯ್, ನೆಲ ಒರೆಸೋಕೆ ಬಂದಿದ್ಯೋ, ಒದ್ದೆ ಮಾಡೋಕೆ ಬಂದಿದ್ಯೋ? ಥೂ, ಏನ್ ವಾಸ್ನೆ!”

ವಾರ್ಡಿನ ನರ್ಸಮ್ಮ ಮೂಗು ಮುಚ್ಚಿಕೊಂಡು ಕೂಗಿದಾಗ ಇಪ್ಪತ್ತು ಹಾಸಿಗೆಯವರೂ ನನ್ನ ಕಡೆ ತಿರುಗಿದರು. ನಾನು ಮಾಪನ್ನು ಕಾಲಡಿಗೆ ಎಳೆದುಕೊಂಡು ಒರೆಸಿದೆ. ಈ ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ ಕಸ ಗುಡಿಸಿ, ಕಕ್ಕಸು ತೊಳೆಯುತ್ತ ಹನ್ನೊಂದು ವರ್ಷವಾಯಿತು. ಊರವರ ಉಚ್ಚೆಯನ್ನೆಲ್ಲ ಬಳಿದವಳಿಗೆ ತನ್ನದೇ ಉಚ್ಚೆ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಕೆಮ್ಮಿದರೂ ಹೋಗುತ್ತಿತ್ತು, ಬಕೆಟ್ ಎತ್ತಿದರೂ ಹೋಗುತ್ತಿತ್ತು.

ನಮ್ಮ ಗುಡಿಸುವವರ ಮೇಸ್ತ್ರಿ ಓಡಿ ಬಂದ. “ಇನ್ನೊಂದ್ಸಲ ಕಂಪ್ಲೇಂಟ್ ಬಂದ್ರೆ ನಾಳೆಯಿಂದ ಮನೇಲೇ ಬಿದ್ದಿರು. ಕಾಯಿಲೆ ಅಂದ್ರೆ ಡಾಕ್ಟ್ರ ಚೀಟಿ ತಗೊಂಬಾ. ಇವತ್ತೇ!”

ನಮಗೆ ಕಕ್ಕಸು ಇಲ್ಲವೆಂದಲ್ಲ. ಹೆಣದ ಕೋಣೆಯ ಹಿಂದೆ ಒಂದು ತಗಡಿನದಿದೆ. ನಾಲ್ಕು ಮಹಡಿ ಇಳಿದು ಹತ್ತಿ ಬರುವಷ್ಟರಲ್ಲಿ ಈ ಮೇಸ್ತ್ರಿ ನಮ್ಮ ಅಪ್ಪ ಅಮ್ಮನನ್ನೆಲ್ಲ ಬೈದು ಮುಗಿಸಿರುತ್ತಾನೆ. ಅದಕ್ಕೇ ನಾವು ನೀರೇ ಕುಡಿಯುವುದಿಲ್ಲ. ಬೆಳಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಬಿಗಿ ಹಿಡಿದುಕೊಂಡಿರುತ್ತೇವೆ. ನಮ್ಮ ಮಹಡಿಯಲ್ಲಿ ರೋಗಿಗಳದಕ್ಕೆ ನಮ್ಮನ್ನು ಬಿಡುವುದಿಲ್ಲ. ಇನ್ನೊಂದಿದೆ, ಬಿಳಿ ಟೈಲ್ಸಿನದು, ಡಾಕ್ಟರುಗಳಿಗೆ ಮಾತ್ರ. ದಿನಕ್ಕೆ ಮೂರು ಸಲ ಅದನ್ನು ತಿಕ್ಕುವವಳು ನಾನೇ. ಅದಕ್ಕಿರುವ ಒಂದೇ ಬೀಗದ ಕೈ ಸದಾ ನನ್ನ ಸೊಂಟದಲ್ಲಿರುತ್ತದೆ; ಡಾಕ್ಟರುಗಳು ಬಂದರೆ ತೆಗೆದುಕೊಡಬೇಕು. ತಿಕ್ಕಬಹುದು, ಕೂರುವ ಹಾಗಿಲ್ಲ.

“ಹೋಗಿ ಹೇಳ್ಕೊಳ್ಳೇ, ನಾಚ್ಕೆ ಪಟ್ಕೊಂಡ್ರೆ ಹೊಟ್ಟೆ ತುಂಬುತ್ತಾ?” ಎಂದು ಜೊತೆ ಕೆಲಸದ ಗುಂಡಕ್ಕ ನನ್ನನ್ನು ತಳ್ಳಿದಳು. “ಡಾಕ್ಟ್ರು ಏನ್ ಕಚ್ತಾರಾ? ಕಚ್ಚಿದ್ರೂ ಇಂಜೆಕ್ಷನ್ ಅವರ ಹತ್ರಾನೇ ಇದೆ.”

“ನಗಿಸ್ಬೇಡ ಕಣೇ ಮುಂಡೆ, ಹೋಗ್ಬಿಡುತ್ತೆ!”

ಹೋಗಿಯೇ ಬಿಟ್ಟಿತು.

ದೊಡ್ಡ ಡಾಕ್ಟರು ಐದಾರು ಮಂದಿ ಕಲಿಯುವ ಡಾಕ್ಟರುಗಳನ್ನು ಸುತ್ತ ನಿಲ್ಲಿಸಿಕೊಂಡು ಕೂತಿದ್ದರು. “ಸಾರ್, ನಂಗೆ ತಡೆಯೋಕಾಗ್ತಿಲ್ಲ” ಎಂದೆ, ಮೆಲ್ಲಗೆ.

“ಏನ್ ತಡೆಯೋಕಾಗ್ತಿಲ್ಲ? ಜೋರಾಗಿ ಹೇಳು, ಇವರೂ ಕಲೀಲಿ.”

“ಉಚ್ಚೆ, ಸಾರ್.”

“ಕೆಮ್ಮಿದ್ರೆ ಹೋಗುತ್ತಾ? ಎಲ್ಲಿ, ಒಂದ್ಸಲ ಕೆಮ್ಮು.”

ಎಲ್ಲರ ಎದುರಿಗೇ ಕೆಮ್ಮಿದೆ. ನೆಲ ಒದ್ದೆಯಾದದ್ದು ನೋಡಿ ಕಲಿಯುವವಳೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

“ನೋಡು, ಚೆನ್ನಾಗಿ ನೀರು ಕುಡಿ. ಎರಡು ಗಂಟೆಗೊಂದ್ಸಲ ಹೋಗು. ಕೂತ್ಮೇಲೆ ಅವಸರ ಮಾಡ್ಬೇಡ, ಪೂರ್ತಿ ಖಾಲಿ ಆಗೋವರೆಗೂ ಏಳ್ಬೇಡ.”

“ಎಲ್ಲಿಗ್ ಹೋಗ್ಲಿ ಸಾರ್?”

“ಎಲ್ಲಿಗೆ ಅಂದ್ರೆ? ಕಕ್ಕಸಿಗೆ!” ಈಗ ಎಲ್ಲರೂ ನಕ್ಕರು.

“ಇದು ಕಾಯಿಲೆ, ಇಲ್ಲೇ ಮೇಲ್ಗಡೆ ಕಕ್ಕಸಿಗೆ ಬಿಡ್ಬೇಕು ಅಂತ ಮೇಸ್ತ್ರಿಗೊಂದು ಚೀಟಿ...”

“ಅದೆಲ್ಲ ನನ್ನ ಕೆಲ್ಸ ಅಲ್ಲಮ್ಮ. ನೆಕ್ಸ್ಟ್!”

ನನ್ನ ಮೈಯೆಲ್ಲ ಉರಿದುಹೋಯಿತು. ಸೀದಾ ಹೋಗಿ ನಲ್ಲಿಗೆ ಬೊಗಸೆ ಒಡ್ಡಿ ಗಟಗಟ ನೀರು ಕುಡಿದೆ. ಡ್ಯೂಟಿಯ ಹೊತ್ತಿನಲ್ಲಿ ಅಷ್ಟು ನೀರು ಕುಡಿದದ್ದು ಅದೇ ಮೊದಲು. ಆಮೇಲೆ ವಾರ್ಡಿನ ಆ ತುದಿಯಿಂದ ಈ ತುದಿಗೆ ಮಾಪು ಎಳೆಯುತ್ತ ತಿರುಗಿದೆ. ಕಾಲು ನಿಂತಲ್ಲಿ ನಿಲ್ಲಲಿಲ್ಲ. ಮೆಟ್ಟಿಲ ತನಕ ಹೋದೆ, ವಾಪಸ್ ಬಂದೆ, ಮತ್ತೆ ಹೋದೆ. ಇಳಿಯಲಿಲ್ಲ. ಮಾಪನ್ನು ಗೋಡೆಗೆ ಒರಗಿಸಿ, ಸೊಂಟದ ಬೀಗದ ಕೈ ತೆಗೆದು, ಬಿಳಿ ಟೈಲ್ಸಿನ ಕೋಣೆಗೆ ಹೊಕ್ಕು ಚಿಲಕ ಹಾಕಿಕೊಂಡೆ.

ಬೆಳಗ್ಗೆ ನಾನೇ ತಿಕ್ಕಿದ್ದು, ಫಳಫಳ ಹೊಳೆಯುತ್ತಿತ್ತು. ಕೂತೆ.

ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ದಬದಬ ಬಡಿದರು. “ಯಾರ್ರೀ ಒಳಗೆ? ಬೇಗ ಬನ್ನಿ!” ದೊಡ್ಡ ಡಾಕ್ಟರ ದನಿ.

“ಅವಳೇ ಸಾರ್, ಬೀಗದ ಕೈ ಅವಳ ಹತ್ರಾನೇ ಇರೋದು” ಎಂದು ಮೇಸ್ತ್ರಿ ಅರಚಿದ. “ಏಯ್ ಬೋಳಿಮಗಳೇ, ಹೊರಗ್ ಬಾ! ಇವತ್ತಿಗೆ ನಿನ್ ಕೆಲ್ಸ ಮುಗೀತು!”

ಕೈ ಚಿಲಕದ ತನಕ ಹೋಯಿತು. ಆದರೂ ಏಳಲಿಲ್ಲ. ಬಾಗಿಲ ಕೆಳಗಿನ ಸಂದಿಯಲ್ಲಿ ಡಾಕ್ಟರ ಕರಿ ಬೂಟುಗಳು ಕಾಣುತ್ತಿದ್ದವು. ಒಂದು ಮೇಲೆದ್ದರೆ ಇನ್ನೊಂದು ಕೆಳಗಿಳಿಯುತ್ತಿತ್ತು.

“ಯಾಕ್ ಸಾರ್ ಕುಣೀತಿದ್ದೀರಿ?” ಎಂದು ಗುಂಡಕ್ಕ ಕೇಳಿದ್ದು ಕೇಳಿಸಿತು.

“ಬೇಗ ಬಾರಮ್ಮ,” ಎಂದರು ಡಾಕ್ಟರು, ಈಗ ಮೆಲ್ಲಗೆ. “ತಡೆಯೋಕಾಗ್ತಿಲ್ಲ.”

“ಜೋರಾಗಿ ಹೇಳಿ ಸಾರ್, ಎಲ್ಲರೂ ಕಲೀಲಿ” ಎಂದೆ.

ಇನ್ನೂ ಪೂರ್ತಿ ಖಾಲಿಯಾಗಿರಲಿಲ್ಲ. ನಾನು ಅವಸರ ಮಾಡಲಿಲ್ಲ.