ಮೊದಲ ಮಹಡಿಯ ಗ್ರೈಂಡರ್

ಆನ್‌ಲೈನ್ ಹರಾಜಿನಲ್ಲಿ ಗ್ರೈಂಡರ್ ಕೊಳ್ಳುವುದು ಸುಲಭ, ಬೆರಳಾಡಿಸಿದರೆ ಆಯಿತು. ಅದನ್ನು ಮನೆಗೆ ಸಾಗಿಸುವಾಗ ಜೀವ ಬಾಯಿಗೆ ಬರುತ್ತದೆ. ಗಂಗಾದೇವಿ ಯಶವಂತಪುರದ ಒಂದು ಹೋಟೆಲಿನಲ್ಲಿ ಹನ್ನೊಂದು ವರ್ಷ ದೋಸೆ ಹಿಟ್ಟು ರುಬ್ಬಿದ್ದಳು. ಹೋಟೆಲು ಮುಚ್ಚಿ ಸಾಮಾನೆಲ್ಲ ಹರಾಜಿಗೆ ಬಂದಾಗ, ತಾನು ರುಬ್ಬುತ್ತಿದ್ದ ಗ್ರೈಂಡರನ್ನೇ ಹಟ ಹಿಡಿದು ಕೊಂಡಳು. ಬ್ಯಾಟರಾಯನಪುರದ ಹೆಣ್ಮಕ್ಕಳ ಪಿಜಿಯೊಂದಕ್ಕೆ ನಾಳೆಯಿಂದಲೇ ಹಿಟ್ಟು ಕೊಡುವ ಮಾತಾಗಿತ್ತು. ಇವತ್ತು ಸಂಜೆ ಐದರೊಳಗೆ ಗ್ರೈಂಡರ್ ಹೊರಗೆ ಹೋಗದಿದ್ದರೆ ಹರಾಜು ರದ್ದು. ಕೊಟ್ಟ ದುಡ್ಡೂ ಹೋಗುತ್ತದೆ, ಪಿಜಿಯೂ ಹೋಗುತ್ತದೆ.

ಟೆಂಪೊ ತಂದಿದ್ದ ಸರ್ಫರಾಜ್ ಮೊದಲ ಮಹಡಿಯ ಅಡುಗೆಮನೆಗೆ ಬಂದು ತಲೆ ಮೇಲೆ ಕೈ ಹೊತ್ತ. "ಬುಕಿಂಗಲ್ಲಿ ಬರೀ ಗ್ರೈಂಡರ್ ಅಂತಿತ್ತಲ್ಲಕ್ಕಾ. ಇದು ಆನೆ ಇದ್ದಂಗಿದೆ."

"ಆನೇನ ಬಿಚ್ಚೋಕಾಗಲ್ಲ, ಇದನ್ನ ಬಿಚ್ಚಬಹುದು" ಎಂದವಳೇ ಗಂಗಾದೇವಿ ಸ್ಪ್ಯಾನರ್ ತೆಗೆದಳು.

ಮೋಟರು, ಬೆಲ್ಟು, ಗುಂಡುಕಲ್ಲು ಒಂದೊಂದಾಗಿ ಕೆಳಗಿಳಿದವು. ಉಳಿದದ್ದು ತಳಕಲ್ಲು ಕೂರಿಸಿದ ದೊಡ್ಡ ಡ್ರಮ್ಮು. ಅದನ್ನು ಒದ್ದೆ ಗೋಣಿಚೀಲದ ಮೇಲಿಟ್ಟು, ಅದಕ್ಕೆ ಕಟ್ಟಿದ ಹಗ್ಗವನ್ನು ಕಂಬಕ್ಕೆ ಸುತ್ತಿ, ಇಬ್ಬರೂ ಇಂಚಿಂಚೇ ಇಳಿಬಿಟ್ಟರು. ಮೆಟ್ಟಿಲ ತಿರುವಿನಲ್ಲಿ ಅದು ಕಬ್ಬಿಣದ ರೈಲಿಂಗಿಗೆ ಸಿಕ್ಕಿಕೊಂಡು ಕೂತುಬಿಟ್ಟಿತು. ಆಗ ಗಂಟೆ ನಾಲ್ಕು.

"ರೈಲಿಂಗ್ ಬಿಚ್ಚೋಣ" ಎಂದ ಸರ್ಫರಾಜ್.

ಹರಾಜು ಕಂಪನಿಯ ಕಶ್ಯಪ್ ಕೆಳಗಿನಿಂದಲೇ ತಡೆದ. "ಮುಟ್ಟೋ ಹಾಗಿಲ್ಲ. ರೈಲಿಂಗ್ ಬೇರೆಯವರು ಹರಾಜಲ್ಲಿ ತಗೊಂಡಿದಾರೆ. ನಾಳೆ ಬಂದು ಬಿಚ್ಕೋತಾರೆ."

ಗಂಗಾದೇವಿಗೆ ಮೈ ಉರಿಯಿತು. ಹೋಟೆಲು ಸತ್ತ ಮೇಲೆ ಅದರ ಬಾಗಿಲಿಗೊಬ್ಬ ವಾರಸುದಾರ, ಬಲ್ಬಿಗೊಬ್ಬ. ಆದರೆ ವಾರಸುದಾರ ಇದ್ದಾನೆಂದರೆ ಕೇಳಿಕೊಳ್ಳಲು ಒಬ್ಬ ಮನುಷ್ಯ ಇದ್ದಾನೆ ಅಂತಲೂ ಆಯಿತಲ್ಲ.

"ಅವರ ನಂಬರ್ ಕೊಡಿ" ಎಂದಳು.

"ಕೊಡೋ ಹಾಗಿಲ್ಲ ಮೇಡಂ."

"ಹಾಗಾದ್ರೆ ನೀವೇ ಫೋನ್ ಮಾಡಿ ನನ್ ಕೈಗೆ ಕೊಡಿ. ಅಲ್ಲೀವರೆಗೂ ನಾನು ಕದಲಲ್ಲ." ಹೇಳಿ ಮೆಟ್ಟಿಲ ಮೇಲೇ ಕೂತಳು. ಕಶ್ಯಪ್ ವಿಧಿಯಿಲ್ಲದೆ ಫೋನ್ ಮಾಡಿದ.

ರೈಲಿಂಗ್ ಕೊಂಡವರು ಯಲಹಂಕದ ಕಡೆ ಮನೆ ಕಟ್ಟಿಸಿ ಮಾರುವ ಮುನಿಕೃಷ್ಣಪ್ಪ. "ನಾಳೆ ನಾನೇ ಬರ್ತೀನಲ್ಲಮ್ಮ, ಈಗ್ಯಾಕೆ ಅದರ ಸುದ್ದಿ" ಎಂದರು.

"ಯಜಮಾನ್ರೇ, ನಾಳೆ ನೀವು ಬಂದಾಗ ಈ ಕಲ್ಲು ಇಲ್ಲೇ ಅಡ್ಡ ಕೂತಿರುತ್ತೆ. ಇವತ್ತು ಬಿಟ್ಟುಕೊಡಿ. ಪೂರ್ತಿ ರೈಲಿಂಗ್ ನಾವೇ ಬಿಚ್ಚಿ, ಗೋಡೆಗೆ ಒರಗಿಸಿ ಹೋಗ್ತೀವಿ. ನಿಮಗೂ ಒಂದು ದಿನದ ಕೂಲಿ ಉಳಿಯುತ್ತೆ."

ಕೂಲಿಯ ಮಾತಿಗೆ ಮುನಿಕೃಷ್ಣಪ್ಪ ಒಪ್ಪಿದರು. "ಅಂಗಾರೆ ಬಿಚ್ಕಳಮ್ಮ. ಬಗ್ಗಿಸ್‌ಬ್ಯಾಡಿ ಅಷ್ಟೇ."

ರೈಲಿಂಗ್ ಬಿಚ್ಚಿ ಗೋಡೆಗೆ ಒರಗಿಸಿಯಾಯಿತು. ಐದಕ್ಕೆ ಹತ್ತು ನಿಮಿಷ ಇರುವಾಗ ಡ್ರಮ್ಮು ಹಲಗೆಯ ಮೇಲೆ ಜಾರುತ್ತಾ ಟೆಂಪೊ ಹತ್ತಿತು. ಕೊನೆಯಲ್ಲಿ ಕಶ್ಯಪ್ ಕೂಡ ಅಂಗಿಯ ತೋಳು ಮಡಚಿ ತಳ್ಳಿದ್ದ. ಗಂಗಾದೇವಿಯ ಅಂಗೈ ಹಗ್ಗ ಉಜ್ಜಿ ಸುಲಿದುಹೋಗಿತ್ತು, ಆದರೂ ಅವಳಿಗೆ ಮನಸ್ಸಿನ ತುಂಬ ಖುಷಿ.

ಹೆಬ್ಬಾಳ ದಾಟುವಾಗ ಪಿಜಿ ನೋಡಿಕೊಳ್ಳುವ ನಯನಾ ಫೋನ್ ಮಾಡಿದಳು. "ಮಿಷನ್ ಈಗ ಬಂದ್ರೂ ನಾಳೆ ತಿಂಡಿಗೆ ಹೇಗಾಗುತ್ತೆ ಆಂಟಿ? ಇನ್ನು ಅಕ್ಕಿ ಯಾವಾಗ ನೆನೀಬೇಕು, ಯಾವಾಗ ರುಬ್ಬಬೇಕು? ಬೇರೆಯವರಿಗೆ ಹೇಳಿಬಿಡ್ಲಾ?"

"ಯಾರಿಗೂ ಹೇಳ್ಬೇಡಮ್ಮ" ಎಂದಳು ಗಂಗಾದೇವಿ. "ಬೆಳಿಗ್ಗೆ ಮನೆ ಬಿಡೋಕೆ ಮುಂಚೇನೇ ಅಕ್ಕಿ, ಉದ್ದು ನೆನೆಹಾಕಿ ಬಂದಿದೀನಿ."