ಏಳನೇ ಗುಳಿಗೆ ಮರೆಯಿಲ್ಲ

“ಅಂಡು ಊರ್ಕೊಂಡು ಕೂತ್ರೆ ಕಳೆ ತಾನಾಗೇ ಎದ್ದು ಬಂದು ಕೈಗೆ ಬೀಳತ್ತೇನ್ರೇ, ಮುಂಡೇವಾ? ಮಂಡಿ ಮೇಲೆ ಕೂರ್ರಿ! ಹುಲ್ಲು ಅಪ್ಪಚ್ಚಿ ಆಗತ್ತೆ!”

ಮೇಸ್ತ್ರಿ ಇಷ್ಟು ಬೊಗಳಿ ಮತ್ತೆ ಸೀಟಿ ಕಚ್ಚಿಕೊಂಡ. ನಮ್ಮಲ್ಲಿ ಒಬ್ಬಳ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಕುರಿಗೆ ಸಾಕಾಗುವ ಸೀಟಿ ನಮಗೆ ಸಾಲದೆ?

ನಾವು ಏಳನೇ ಗುಳಿಯ ಸುತ್ತಲಿನ ಹುಲ್ಲಿನಲ್ಲಿ ಮಂಡಿಯೂರಿ, ಮೊಂಡು ಚಾಕುವಿನ ತುದಿಯಿಂದ ಕಳೆ ಎಬ್ಬಿಸುತ್ತಿದ್ದೆವು. ಆ ಜಾಗವನ್ನು ಅವರು ಗ್ರೀನ್ ಎನ್ನುತ್ತಾರೆ. ಗಾಲ್ಫ್ ಆಡುವವರ ಚೆಂಡು ಉರುಳಿ ಬೀಳಲು ನಡುವೆ ಒಂದು ತೂತು, ತೂತಿನಲ್ಲಿ ಒಂದು ಬಾವುಟ, ಸುತ್ತ ಹಸುಗೂಸಿನ ತಲೆಗೂದಲಿನಷ್ಟು ನುಣ್ಣನೆ ಹುಲ್ಲು. ಆಡುವವರು ಮೊಳೆಯ ತಳದ ಬೂಟು ಹಾಕಿಕೊಂಡು ಅದರ ಮೇಲೆ ತಿರುಗಾಡಬಹುದು. ನಾವು ಚಪ್ಪಲಿಯನ್ನೂ ಹಾಕುವಂತಿಲ್ಲ, ಗುರುತು ಬೀಳುತ್ತದಂತೆ. ಔಷಧಿ ಹೊಡೆದ ಹುಲ್ಲಿನ ಮೇಲೆ ಬರಿಗಾಲಲ್ಲಿ ತಿರುಗಿ ತಿರುಗಿ ನಮ್ಮ ಹಿಮ್ಮಡಿಗಳು ಒಡೆದ ಮಡಕೆಯ ಚೂರಿನಂತಾಗಿದ್ದವು. ಹುಲ್ಲಿಗೆ ಮಾತ್ರ ಏನೂ ಆಗಿರಲಿಲ್ಲ. ಅದು ದೊಡ್ಡವರ ಮನೆಯ ಹುಲ್ಲು.

ನನ್ನ ಪಕ್ಕದಲ್ಲಿದ್ದ ಅತ್ತೆ ಸೊಂಟ ಹಿಡಿದುಕೊಂಡು ಎದ್ದಳು.

“ಎಲ್ಲಿಗೇ ಮುದುಕಿ?” ಮೇಸ್ತ್ರಿ ಸೀಟಿ ತೆಗೆದು ಕೇಳಿದ.

“ಉಚ್ಚೆಗೆ.”

“ಈಗಿನ್ನೂ ಹೋಗಿ ಬಂದೆಯಲ್ಲ!”

“ಬಂದೆ. ಮತ್ತೆ ಬರ್ತಾ ಇದೆ. ನಿನ್ನ ಕೇಳ್ಕೊಂಡು ಬರತ್ತಾ ಅದು?”

“ಹಾಗಾದ್ರೆ ಒಂದ್ ಕೆಲಸ ಮಾಡು. ಗೇಟ್ ದಾಟಿ ಹೋಗ್ತೀಯಲ್ಲ, ಹಾಗೇ ಮನೆಗೋಗು. ನಾಳೆಯಿಂದ ಬರಬೇಡ. ಮನೇಲೇ ಕೂತ್ಕೊಂಡು ದಿನವಿಡೀ ಹೊಯ್ತಾ ಇರು.”

ಅತ್ತೆ ತುಟಿ ಕಚ್ಚಿಕೊಂಡು ಮತ್ತೆ ಮಂಡಿಯೂರಿದಳು.

ಮೊದಲು ಇಷ್ಟು ಕಷ್ಟವಿರಲಿಲ್ಲ. ಏಳನೇ ಗುಳಿಯ ಹಿಂದೆ ಒಂದು ದಟ್ಟ ಪೊದೆಯಿತ್ತು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಕಳೆ ಕೀಳುವವಳಂತೆ ಕಾವಲು ಕೂರುತ್ತಿದ್ದಳು. ಹೋದ ತಿಂಗಳು ಮೈದಾನದ ವಿನ್ಯಾಸ ಮಾಡಿದವನು ಬಂದ. ಕಪ್ಪು ಕನ್ನಡಕದ ತೆಳ್ಳನೆಯ ಮನುಷ್ಯ. ಗುಳಿಯ ಬಳಿ ನಿಂತು, ಎರಡೂ ಕೈಯಿಂದ ಗಾಳಿಯಲ್ಲಿ ಕಿಟಕಿ ಮಾಡಿ, ಅದರೊಳಗಿಂದ ನೋಡಿ, “ಈ ಪೊದೆ ನೋಟವನ್ನ ಕೊಲ್ತಾ ಇದೆ” ಎಂದ. ಪೊದೆ ಹೋದರೆ ಹಿಂದಿನ ಕೊಳ ಕಾಣುತ್ತದಂತೆ. ಕಡಿದವರು ನಾವೇ. ಬೇರು ಅಗೆದವರೂ ನಾವೇ. ಈಗ ಕೊಳ ಕಾಣುತ್ತದೆ. ನಮಗೆ ಕೂರಲು ಜಾಗ ಕಾಣುವುದಿಲ್ಲ.

ಕ್ಲಬ್ಬಿನ ಕಟ್ಟಡದಲ್ಲಿ ಗೋಡೆಗೆಲ್ಲ ಕನ್ನಡಿ ಹಾಕಿದ ಕಕ್ಕಸುಗಳಿದ್ದವು. ಅವನ್ನು ತೊಳೆಯಲು ನಮ್ಮ ಕುಳ್ಳಿ ಹೋಗುತ್ತಿದ್ದಳು. ತೊಳೆಯಬಹುದು, ಕೂರುವಂತಿಲ್ಲ.

“ಅಲ್ಲಿ ಹೂವಿನ ಕುಂಡ ಇಟ್ಟವ್ರೆ ಕಣೇ,” ಎಂದು ಕುಳ್ಳಿ ಒಮ್ಮೆ ಹೇಳಿದ್ದಳು. “ಅವ್ರು ಹೊಯ್ಯೋದು ನೋಡೋಕೆ ಹೂವು ಬೇರೆ ಬೇಕಂತೆ.”

ಅತ್ತೆಗೆ ಉರಿಮೂತ್ರ ಶುರುವಾಗಿತ್ತು. ಡಾಕ್ಟರು, “ಕಟ್ಟಿ ಹಿಡ್ಕೋಬೇಡಮ್ಮ, ನೀರು ಚೆನ್ನಾಗಿ ಕುಡಿ” ಎಂದಿದ್ದರು. ಕುಡಿದರೆ ಹೋಗಬೇಕು, ಹೋಗುವುದಾದರೆ ಗೇಟಿನಾಚೆಗೆ ಹೋಗಬೇಕು. ಅತ್ತೆ ನೀರು ಕುಡಿಯುವುದನ್ನೇ ಬಿಟ್ಟಳು. ಬಿಸಿಲಲ್ಲಿ ಅವಳ ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ನಾನು ಬಾಟಲಿ ಮುಂದೆ ಹಿಡಿದರೆ, “ನೀರಲ್ಲ, ಬೆಂಕಿ ಅದು. ತೆಗಿ ಆ ಕಡೆ” ಎನ್ನುತ್ತಿದ್ದಳು.

ಅವತ್ತು ಕೆಲಸ ಮುಗಿದ ಮೇಲೆ ಅವಳನ್ನು ಕರೆದುಕೊಂಡು ಮ್ಯಾನೇಜರನ ಕೋಣೆಗೆ ಹೋದೆ. ನಮ್ಮ ಕಾಲು ನೆಲಕ್ಕೆ ತಾಗದಿರಲೆಂದು ಜವಾನ ಬಾಗಿಲ ಬಳಿ ಹಳೆಯ ಪೇಪರು ಹಾಸಿದ. ನಾವು ಅದರ ಮೇಲೆ ನಿಂತೆವು.

“ಸಾರ್, ಹೆಂಗಸ್ರಿಗೆ ಒಂದು ತಗಡಿನ ಮರೆ ಆದ್ರೂ ಹಾಕ್ಸಿಕೊಡಿ. ಗುಂಡಿ ನಾವೇ ತೋಡ್ಕೋತೀವಿ.”

“ತಗಡು!” ಮ್ಯಾನೇಜರನಿಗೆ ನಗು ಬಂತು. “ಇದೇನು ಗುಜರಿ ಅಂಗಡೀನಾ? ನಾಡಿದ್ದು ಪರೀಕ್ಷಕರು ಬರ್ತಿದಾರೆ. ಮೈದಾನದ ವಿನ್ಯಾಸ, ಹುಲ್ಲು, ನೋಟ ಎಲ್ಲಕ್ಕೂ ಅಂಕ ಹಾಕ್ತಾರೆ. ಮೊದಲ ದರ್ಜೆ ಸಿಗಬೇಕು ನಮಗೆ. ಇಂಥ ಹೊತ್ತಲ್ಲಿ ನಿಮ್ಮದೊಂದು ಉಚ್ಚೆ ಪುರಾಣ. ಬೆಳಗ್ಗೆ ಮನೇಲೇ ಮುಗಿಸ್ಕೊಂಡು ಬರೋಕೆ ಏನು ಧಾಡಿ?”

“ಅದು ಸ್ನಾನ ಅಲ್ಲ ಸ್ವಾಮಿ,” ಎಂದಳು ಅತ್ತೆ, “ಬೆಳಗ್ಗೆ ಒಂದ್ಸಲ ಮಾಡಿ ಕೈ ತೊಳ್ಕೊಳ್ಳೋಕೆ.”

“ನೋಡಮ್ಮ, ಹೋಗ್ಬೇಕು ಹೋಗ್ಬೇಕು ಅನ್ಸೋದೆಲ್ಲ ಮನಸ್ಸಿನ ಚಟ. ಮನಸ್ಸನ್ನ ಬಿಗಿ ಹಿಡಿದ್ರೆ... ಒಂದ್ನಿಮಿಷ ಇರಿ.”

ಅವನು ಎದ್ದು ಕೋಣೆಯೊಳಗಿನ ಸಣ್ಣ ಬಾಗಿಲು ತೆರೆದು ಹೋದ. ಒಳಗೆ ನೀರು ಬಿದ್ದ ಸದ್ದಾಯಿತು. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಕುರ್ಚಿಯಲ್ಲಿ ಕೂತ.

“ಹಾಂ, ಏನು ಹೇಳ್ತಿದ್ದೆ? ಬಿಗಿ ಹಿಡೀಬೇಕು.”

ಹೊರಗೆ ಬಂದ ಮೇಲೆ ಅತ್ತೆ ಉಗುಳಲು ನೋಡಿದಳು. ಬಾಯಲ್ಲಿ ಅಷ್ಟೂ ಪಸೆಯಿರಲಿಲ್ಲ.

ಪರೀಕ್ಷೆಯ ದಿನ ಬೆಳಗಾಗುವ ಮೊದಲೇ ನಮ್ಮನ್ನು ಕರೆಸಿ, ಗ್ರೀನ್ ಮೇಲೆ ಬಿದ್ದ ಎಲೆಗಳನ್ನು ಒಂದೊಂದಾಗಿ ಹೆಕ್ಕಿಸಿದರು. ಬಿಸಿಲೇರಿದ ಮೇಲೆ ಕಾರುಗಳು ಬಂದವು. ಮೇಸ್ತ್ರಿಗೆ ಪೀಕಲಾಟ ಶುರುವಾಯಿತು. ನಮ್ಮನ್ನು ಎಲ್ಲಿ ಅಡಗಿಸುವುದು? ಮರೆಯಿದ್ದದ್ದನ್ನೆಲ್ಲ ಕಡಿದು ಹಾಕಿಸಿದ್ದರಲ್ಲ! ಕೊನೆಗೆ ಏಳನೇ ಗುಳಿಯ ಪಕ್ಕದ ಮರಳುಗುಂಡಿಗೆ ನಮ್ಮನ್ನು ಇಳಿಸಿದ. ಚೆಂಡು ದಾರಿ ತಪ್ಪಿದರೆ ಬೀಳಲೆಂದು ತೋಡಿದ ಗುಂಡಿ ಅದು, ಆಳುದ್ದಕ್ಕೆ ಸ್ವಲ್ಪ ಕಮ್ಮಿ.

“ತಲೆ ಬಗ್ಗಿಸ್ಕೊಂಡು ಕೂರ್ರಿ. ಒಬ್ಬಳು ಕೆಮ್ಮಿದ್ರೂ ಹಲ್ಲು ಉದುರಿಸ್ತೀನಿ.”

ಮರಳು ಕಾದ ಬಾಣಲೆಯಂತಿತ್ತು. ಅತ್ತೆ ಮಂಡಿಗಳನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಳು. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

“ಆಗತ್ತಾ ಅತ್ತೆ?”

“ಸುಮ್ನಿರೇ.”

ಮೇಲೆ ಹೆಜ್ಜೆ ಸದ್ದು ಕೇಳಿತು. ನಾನು ಅರ್ಧ ಎದ್ದು ಗುಂಡಿಯ ಅಂಚಿನ ಮೇಲೆ ಕಣ್ಣಷ್ಟೇ ಎತ್ತಿದೆ. ಬಿಳಿ ಟೋಪಿಯ ಪರೀಕ್ಷಕ, ಕಪ್ಪು ಕನ್ನಡಕದ ವಿನ್ಯಾಸಕಾರ, ಮ್ಯಾನೇಜರ್, ಅವರ ಹಿಂದೆ ಕೈಕಟ್ಟಿಕೊಂಡ ಮೇಸ್ತ್ರಿ. ಪರೀಕ್ಷಕ ಒಂದು ಲೋಹದ ಪಟ್ಟಿಯನ್ನು ಓರೆಯಾಗಿ ಹಿಡಿದು ಅದರ ಮೇಲಿಂದ ಚೆಂಡು ಜಾರಿಸಿದ. ಹುಲ್ಲು ಎಷ್ಟು ನುಣುಪೆಂದು ತಿಳಿಯಲು, ಅದು ಎಷ್ಟು ದೂರ ಉರುಳಿತೆಂದು ಅಳೆದ. ಆಮೇಲೆ ಬೂಟು, ಕಾಲುಚೀಲ ಕಳಚಿ ಬರಿಗಾಲಲ್ಲಿ ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ನಡೆದು, “ಆಹಾ, ರೇಷ್ಮೆ!” ಎಂದ. ಅವನ ಹಿಮ್ಮಡಿ ಬೆಣ್ಣೆಯ ಹಾಗಿತ್ತು.

“ಒಂದೇ ಒಂದು ಕಳೆ ಇಲ್ಲ. ಹೇಗೆ ಮಾಡ್ತೀರಿ?”

“ಎಲ್ಲಾ ಕೈಕೆಲಸ ಸಾರ್.”

“ಕೈ ಎಲ್ಲಿ? ಒಬ್ಬರೂ ಕಾಣ್ತಿಲ್ಲ!”

“ಅದೇ ಸಾರ್ ನಮ್ಮ ಶಿಸ್ತು,” ಮ್ಯಾನೇಜರ್ ಹಲ್ಲು ಕಿಸಿದ. “ಕೆಲಸ ಕಾಣತ್ತೆ. ಕೆಲಸದೋರು ಕಾಣಲ್ಲ.”

“ನಾವೇನು ದೆವ್ವಗಳಾ?” ಎಂದು ಕುಳ್ಳಿ ನನ್ನ ಕಿವಿಯಲ್ಲಿ ಗೊಣಗಿದಳು.

ವಿನ್ಯಾಸಕಾರ ಕೊಳದ ಕಡೆ ಕೈ ಬೀಸಿದ. “ನನ್ನ ಸಿದ್ಧಾಂತ ಇಷ್ಟೇ. ಒಳ್ಳೆ ಮೈದಾನದಲ್ಲಿ ಮರೆ ಅನ್ನೋದೇ ಇರಬಾರದು. ಬಂದು ನಿಂತೋನಿಗೆ ಎಲ್ಲವೂ ಬಿಚ್ಚಿಟ್ಟ ಹಾಗೆ ಕಾಣಬೇಕು.”

“ಭೇಷ್,” ಎಂದು ಪರೀಕ್ಷಕ ಬರೆದುಕೊಂಡ. “ಈ ಮರಳುಗುಂಡಿ? ಆಳ ಸಾಕಾ?”

ಮ್ಯಾನೇಜರ್ ಬಾಯಿ ತೆರೆಯುವಷ್ಟರಲ್ಲಿ ಟೋಪಿ ಗುಂಡಿಯ ಮೇಲೆ ಬಗ್ಗಿತು. ನಾವು ಕೆಳಗಿಂದ ಮೇಲೆ ನೋಡಿದೆವು. ಅವನು ಮೇಲಿಂದ ಕೆಳಗೆ ನೋಡಿದ. ಮ್ಯಾನೇಜರನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ಆದರೆ ಪರೀಕ್ಷಕನಿಗೆ ಖುಷಿಯೇ ಆಯಿತು.

“ಅರೆ, ಇಷ್ಟು ಜನ ಕೂತ್ರೂ ಹತ್ತು ಹೆಜ್ಜೆ ದೂರಕ್ಕೆ ಕಾಣಲಿಲ್ಲ! ಆಳ ಬಹಳ ಚೆನ್ನಾಗಿದೆ.” ಅದನ್ನೂ ಬರೆದುಕೊಂಡ.

ಅತ್ತೆ ಕಣ್ಣು ಬಿಟ್ಟಳು. ಗುಂಡಿಯ ಅಂಚಿಗೆ ಕೈಯೂರಿ, ಮರಳಲ್ಲಿ ಜಾರಿ, ಮತ್ತೆ ಕೈಯೂರಿ ಮೇಲೆ ಹತ್ತಿದಳು. ಯಾರ ಮುಖವನ್ನೂ ನೋಡದೆ ಅವರ ನಡುವೆಯೇ ನಡೆದು ಗ್ರೀನಿನ ಮಧ್ಯಕ್ಕೆ ಹೋದಳು. ಬಾವುಟದ ಪಕ್ಕ ನಿಂತಳು. ಸೀರೆ ಎತ್ತಿಕೊಂಡು ಕೂತಳು.

“ಏಯ್! ಏಯ್! ಅಲ್ಲಲ್ಲ!” ಮ್ಯಾನೇಜರ್ ಕಿರುಚಿದ. “ಹುಲ್ಲು ಸುಟ್ಟುಹೋಗತ್ತೇ! ಮೇಸ್ತ್ರೀ, ಎಬ್ಬಿಸೋ ಆ ಸೂಳೇನ!”

ಮೇಸ್ತ್ರಿ ಎರಡು ಹೆಜ್ಜೆ ಮುಂದೆ ಬಂದು, ನೋಡಬಾರದ್ದನ್ನು ನೋಡಿ ಗಕ್ಕನೆ ತಿರುಗಿ ನಿಂತ. “ಥೂ, ನಾಚ್ಕೆ ಮಾನ ಇಲ್ವಾ ನಿಂಗೆ?”

“ನಂಗಾ?” ಅತ್ತೆ ದನಿ ಏರಿಸದೆ ಕೇಳಿದಳು. “ನಿನ್ನ ಹೆತ್ತೋಳು ಹೊಯ್ತಿರ್ಲಿಲ್ವೇನೋ, ಬೇವರ್ಸಿ? ಮರೆ ಇರಬಾರದು ಅಂದ್ರಲ್ಲ ಆ ಸ್ವಾಮಿ. ಎಲ್ಲಾ ಕಾಣಬೇಕು ಅಂದ್ರಲ್ಲ. ನೋಡ್ಕೊಳ್ರಿ.”

ಯಾರೂ ನೋಡಲಿಲ್ಲ. ಪರೀಕ್ಷಕ ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು ಕೊಳಕ್ಕೂ ಬೆನ್ನು ಹಾಕಿ ನಿಂತ. ವಿನ್ಯಾಸಕಾರ ಆಕಾಶ ನೋಡುತ್ತಿದ್ದ. ಹುಲ್ಲಿನ ಚೂರನ್ನೂ ಬಿಡದೆ ಅಳೆಯಲು ಬಂದವರು, ಎದುರಿಗೆ ಕೂತ ಮುದುಕಿಗೆ ಬೆನ್ನು ತಿರುಗಿಸಿ ಸಾಲಾಗಿ ನಿಂತಿದ್ದರು.

ನಾನು ಗುಂಡಿಯಿಂದ ಹತ್ತಿ ಓಡಿದೆ. ಹತ್ತಿರ ಹೋದಾಗ ಕಂಡಿತು. ಹುಲ್ಲಿನ ಮೇಲೆ ಇಳಿಯುತ್ತಿದ್ದದ್ದು ಬರೀ ಮೂತ್ರವಾಗಿರಲಿಲ್ಲ. ಅದರಲ್ಲಿ ನೆತ್ತರಿತ್ತು. ಅತ್ತೆ ಹಲ್ಲು ಕಚ್ಚಿ ಬಾವುಟದ ಕೋಲನ್ನು ಬಿಗಿಯಾಗಿ ಹಿಡಿದಿದ್ದಳು.

“ಏ ಟೋಪಿ,” ಎಂದಳು. “ಇದನ್ನೂ ಬರ್ಕೊಳ್ಳೋ.”

ಟೋಪಿ ಒಂದು ಹೆಜ್ಜೆ ಆಚೆ ಸರಿಯಿತು.

ನಾನು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಎರಡೂ ಕೈಯಲ್ಲಿ ಅಗಲ ಮಾಡಿ ಅವಳ ಮುಂದೆ ಹಿಡಿದೆ. ಅತ್ತೆ ಅದನ್ನು ಕೈಯಿಂದ ತಳ್ಳಿದಳು.

“ತೆಗಿಯೇ ಅದನ್ನ. ಮರೆ ಕೊಡ್ರೋ ಅಂತ ಕಾಲು ಹಿಡಿದಾಗ ಕೊಡಲಿಲ್ಲ. ಈಗ ನಂಗೆ ಬೇಡ.”

ಬಟ್ಟೆಯನ್ನು ಮತ್ತೆ ತಲೆಗೆ ಸುತ್ತಿಕೊಂಡೆ. ನನಗೂ ಬೆಳಗಿನಿಂದ ಕಿಬ್ಬೊಟ್ಟೆ ಬಿಗಿದು ಕಲ್ಲಾಗಿತ್ತು. ಅತ್ತೆಯ ಪಕ್ಕದಲ್ಲೇ ಸೀರೆ ಎತ್ತಿಕೊಂಡು ಕೂತೆ. ಮರಳುಗುಂಡಿಯಿಂದ ಕುಳ್ಳಿ ಮೇಲೆ ಹತ್ತುತ್ತಿದ್ದಳು, ಅವಳ ಹಿಂದೆ ಉಳಿದವರು.