ವೀರವ್ವನ ಹೆಗಲು

ಶಿಗ್ಗಾಂವಿಯ ಕಾಲೇಜಿನಲ್ಲಿ ಆಟ ಕಲಿಸುವ ಕುಬೇರಪ್ಪ ಮಾಸ್ತರನಿಗೆ ಬಾಯಿ ಜೋರು. ಹಾಗಂತ ಅವನ ಹೆಂಡತಿ ಶಿವಬಸವ್ವನೇ ಹೇಳುತ್ತಿದ್ದಳು, ಊರವರು ಬೇರೆ ಹೇಳಬೇಕಾಗಿರಲಿಲ್ಲ. ಎಂಬತ್ತೇಳನೆಯ ಇಸವಿಯಲ್ಲಂತೂ ಆ ಬಾಯಿ ಒಂದೇ ಮಾತಿಗೆ ಮೀಸಲಾಗಿಬಿಟ್ಟಿತ್ತು. ಭಾರ ಎತ್ತುವ ಹೆಣ್ಣುಮಕ್ಕಳು ಹೆಗಲು ಬೆಳೆಸಬೇಕೋ ಬೇಡವೋ?

ಹೆಗಲೆಂದರೆ ಅವನ ಲೆಕ್ಕದಲ್ಲಿ ಕುತ್ತಿಗೆಯ ಬುಡದಿಂದ ಎರಡೂ ಕಡೆ ಇಳಿಯುತ್ತದಲ್ಲ, ಆ ಮಾಂಸ. ಹೆಣ್ಣುಮಕ್ಕಳು ಬೇಕಾದ್ದು ಎತ್ತಲಿ, ಆದರೆ ಅಲ್ಲಿ ಉಬ್ಬಿದರೆ ನೋಡೋದಕ್ಕೆ ಚೆಂದ ಕಾಣೋದಿಲ್ಲ ಎಂದು ಸಂಸ್ಕೃತದ ಗುರುರಾಜ ಮಾಸ್ತರು ಒಮ್ಮೆ ಅಂದಿದ್ದೇ ತಡ, ಕುಬೇರಪ್ಪ ಕುರ್ಚಿ ಬಿಟ್ಟು ಎದ್ದ. ನೆಲದ ಮೇಲಿನ ರಾಡು ಎದೆಮಟ್ಟ ಬರಬೇಕಾದರೆ ಎಳೆಯುವುದೇ ಆ ಮಾಂಸ, ಅದು ಸೋತರೆ ಭಾರವೆಲ್ಲ ನಡುವಿನ ಮೇಲೆ, ಮಣಿಕಟ್ಟಿನ ಮೇಲೆ. ಹುಡುಗಿ ಮುರಿದುಕೊಂಡು ಮನೆ ಸೇರುತ್ತಾಳೆ. ತಿಳವಳ್ಳಿಯಲ್ಲಿ ನಮ್ಮವ್ವ ಹುಲ್ಲಿನ ಹೊರೆ ಹೊತ್ತು ಹೊತ್ತು ಇಷ್ಟು ದಪ್ಪ ಹೆಗಲು ಮಾಡಿಕೊಂಡಿದ್ದಳು, ಅವಳಿಗೆ ಯಾರಾದರೂ ಇಳಿಸವ್ವಾ ಅಂದಿದ್ದರೇ? ಹೀಗೆ ಶುರುವಾದರೆ ಗಂಟೆ ಬಾರಿಸಿದರೂ ನಿಲ್ಲುತ್ತಿರಲಿಲ್ಲ.

ಬರೀ ಬಾಯಿಮಾತಲ್ಲ ಮತ್ತೆ. ಬಿ.ಎ. ಎರಡನೇ ವರ್ಷದಲ್ಲಿದ್ದ ಮಗಳು ವೀರವ್ವನನ್ನು ಎರಡು ವರ್ಷದಿಂದ ಕಾಲೇಜಿನ ಹಿಂದಿನ ಕೋಣೆಯಲ್ಲಿ ಅವನೇ ತಯಾರು ಮಾಡಿದ್ದ. ಕೈ ಮಡಚದೆ ರಾಡು ಹಿಡಿದು ನಿಂತು ಹೆಗಲನ್ನು ಕಿವಿಯತ್ತ ಎತ್ತಿ ಇಳಿಸುವ ಕಸರತ್ತು, ದಿನಾ ಬೆಳಿಗ್ಗೆ. ಹುಡುಗಿ ಒಂದು ದಿನ ತಪ್ಪಿಸಿದವಳಲ್ಲ. ಬರುವ ಭಾನುವಾರ ಧಾರವಾಡದಲ್ಲಿ ಭಾರ ಎತ್ತುವವರ ಜಿಲ್ಲಾ ಆಯ್ಕೆ. ಈ ಸೀಮೆಯಿಂದ ಹೋಗುವ ಹೆಣ್ಣುಮಗಳು ಅವಳೊಬ್ಬಳೇ.

ಅದೇ ವಾರ ಮಾಸೂರಿನಿಂದ ಕನ್ಯಾ ನೋಡುವವರು ಬಂದರು. ಮದಗದ ಕೆರೆಯ ನೀರುಣ್ಣುವ ಹೊಲ, ವರ ಹಿರೇಕೆರೂರಿನಲ್ಲಿ ಮಾಸ್ತರ, ಬಿಡುವ ಸಂಬಂಧವಲ್ಲ. ಶಿವಬಸವ್ವ ಮಗಳ ಜಂಪರನ್ನು ಬಟ್ಟೆ ಹೊಲಿಯುವ ನಸೀರಾಳ ಹತ್ತಿರ ಎರಡು ಸಲ ಬಿಚ್ಚಿ ಹೊಲಿಸಿದ್ದಳು. ಎರಡೂ ಹೆಗಲ ಮೇಲೆ ಸೆರಗು ಹೊದೆಸಿ ಕಳಿಸಿದಳು. ನಾವೇನು ಕಳವು ಮಾಡೇವೇನು, ನೋಡ್ಲಿ ಬಿಡು ಎಂದು ಕುಬೇರಪ್ಪ ಹೆಂಡತಿಯನ್ನು ಗೇಲಿ ಮಾಡಿ ನಕ್ಕ.

ಉಪ್ಪಿಟ್ಟು, ಚಹಾ ಆಯಿತು. ವರನ ತಾಯಿ ಶೇಖವ್ವ ಹೆರಳು ಎಷ್ಟುದ್ದ ಇದೆ ನೋಡೋಣವೆಂದು ಹುಡುಗಿಯನ್ನು ತಿರುಗಿಸಿ ಕೂರಿಸಿ ಸೆರಗು ಸರಿಸಿದಳು. ಕೈ ಅಲ್ಲೇ ನಿಂತಿತು.

“ಇದೇನ್ರಿ ಮಾಸ್ತರ, ಹುಡುಗಿ ಹೆಗಲ ಹಿಂಗ್ಯಾಕ ಉಬ್ಬೈತಿ?”

ವರನ ತಂದೆ ದ್ಯಾಮಪ್ಪ ಚಹಾದ ಬಸಿ ಕೆಳಗಿಟ್ಟು ಕುಬೇರಪ್ಪನ ಮುಖವನ್ನೇ ನೋಡಿದ. ಉತ್ತರ ಏನು ಕಡಿಮೆ ಇತ್ತೇ? ಕಾಲೇಜಿನಲ್ಲಿ ನೂರು ಸಲ ಕೊಟ್ಟ ಉತ್ತರ. ಆದರೆ ಸಂಬಂಧ ಬಾಗಿಲ ತನಕ ಬಂದು ತಿರುಗಿ ಹೋಗುತ್ತದೆಂಬ ಹೆದರಿಕೆಗೆ ಅವನ ನಾಲಿಗೆ ತಿರುಚಿಕೊಂಡಿತು.

“ಅದಾ... ಬಾವು ಬಂದೈತ್ರಿ. ಔಷಧ ನಡದೈತಿ, ಇಳೀತೈತಿ.”

ಮಾತು ಹೊರಬಿದ್ದದ್ದೇ ಕುಬೇರಪ್ಪನಿಗೆ ತಪ್ಪು ತಿಳಿಯಿತು. ಥೂ ನಿನ್ನ, ಎಂದು ತನಗೆ ತಾನೇ ಅಂದುಕೊಂಡ. ತಾನೇ ನಿಂತು ಬೆಳೆಸಿದ್ದನ್ನು, ಅವಳ ಎದುರಿಗೇ, ರೋಗ ಅಂದುಬಿಟ್ಟಿದ್ದ.

ಶೇಖವ್ವ ಕೆಟ್ಟವಳಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಆಕೆ ಪಾಪ, ಹೆಗಲನ್ನು ಮೆತ್ತಗೆ ಒತ್ತಿ, ನೋವು ಐತೇನ ತಂಗಿ ಎಂದು ಕೇಳಿದಳು. ವೀರವ್ವ ಅಪ್ಪನನ್ನು ಒಂದೇ ಸಲ ನೋಡಿದಳು.

“ಐತ್ರಿ,” ಅಂದು ತಲೆ ತಗ್ಗಿಸಿದಳು.

ಜಡ್ಡು ಯಾರಿಗೆ ಬರೋದಿಲ್ಲ, ನಮ್ಮ ಕಡೆ ಒಳ್ಳೆ ಎಣ್ಣೆ ಸಿಗುತ್ತದೆ, ಕಳಿಸಿಕೊಡುತ್ತೇನೆ ಎಂದಳು ಶೇಖವ್ವ. ಹುಡುಗಿ ಅವರಿಗೆ ಮನಸ್ಸಿಗೆ ಬಂದಿದ್ದಳು. ಮೂರು ತಿಂಗಳಿಗೆ ಮದುವೆ ಎಂದು ಮಾತಾಡಿಕೊಂಡೇ ಎದ್ದರು. ಶಿವಬಸವ್ವ ಸಕ್ಕರೆ ಹಂಚಿದಳು. ಕುಬೇರಪ್ಪ ತನ್ನ ಪಾಲನ್ನು ತಿನ್ನದೆ ಅಲ್ಲೇ ಇಟ್ಟ.

ಮರುದಿನ ಬೆಳಿಗ್ಗೆ ಆರಕ್ಕೆ ಹಿಂದಿನ ಕೋಣೆಯ ಬೀಗ ತೆಗೆದು ಕಾದ. ಏಳಾಯಿತು, ಮಗಳು ಬರಲಿಲ್ಲ. ಮನೆಗೆ ಬಂದು ನೋಡಿದರೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಹರಳು ಆರಿಸುತ್ತಿದ್ದಳು. ತಪ್ಪಾಯಿತು ಮಗಳೇ ಅನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಬಾಯಿಂದ ಬಂದದ್ದು ಬೇರೆ.

“ಯಾಕ ಬರ್ಲಿಲ್ಲ? ಭಾನುವಾರ ಆಯ್ಕಿ ಐತಿ.”

“ಬ್ಯಾಡಪ್ಪಾ,” ಅಂದಳು ವೀರವ್ವ. “ರಾಡ್ ಬಿಟ್ರ ಮೂರು ತಿಂಗಳಾಗ ಇಳೀತೈತಿ. ಮದುವಿ ಹೊತ್ತಿಗೆ ಇಳಿದಿರಬೇಕು. ಇಲ್ಲಂದ್ರ ಅವರ ಮುಂದ ನೀ ಸುಳ್ಳ ಹೇಳಿದಂಗ ಆಗ್ತೈತಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನೂ ಒಂದಿಷ್ಟು ಒದರಾಡಿ ಹಗುರಾಗುತ್ತಿದ್ದ. ಅವಳು ಮತ್ತೆ ಹರಳು ಆರಿಸತೊಡಗಿದಳು.

ಹತ್ತು ಗಂಟೆಯ ಬಸ್ಸು ಹಿಡಿದರೆ ಮಧ್ಯಾಹ್ನದೊಳಗೆ ಮಾಸೂರು. ಹೋಗಿ ಶೇಖವ್ವನ ಮುಂದೆ ನಿಂತು, ಅದು ಬಾವಲ್ಲರೀ, ನನ್ನ ಮಗಳ ದುಡಿಮೆ ಅನ್ನಬಹುದಿತ್ತು. ಕುಬೇರಪ್ಪ ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ತನಕ ಹೋದ. ಮಾಸೂರಿಗೆ ಹೋಗುವ ಹಿರೇಕೆರೂರ ಬಸ್ಸು ಬಂತು, ಮಂದಿ ಹತ್ತಿದರು, ಬಸ್ಸು ಹೊರಟಿತು. ಅವನು ನಿಂತೇ ಇದ್ದ. ಆಮೇಲೆ ಕಾಲೇಜಿಗೆ ನಡೆದ.

ಧಾರವಾಡಕ್ಕೆ ಹೋಗಬೇಕಾದ ಪಟ್ಟಿ ಮೇಜಿನ ಮೇಲಿತ್ತು. ಹೆಣ್ಣುಮಕ್ಕಳ ಕಡೆ ಒಂದೇ ಹೆಸರು. ಅದರ ಮೇಲೆ ಗೆರೆ ಎಳೆದ. ಪಕ್ಕದಲ್ಲಿ ಕಾರಣ ಬರೆಯಲು ಜಾಗ ಬಿಟ್ಟಿದ್ದರು. ಅಲ್ಲಿ ‘ಅನಾರೋಗ್ಯ’ ಎಂದು ಬರೆದು ರುಜು ಹಾಕಿದ.